ಸ್ಪಷ್ಟನೆ: ಕಾರಂತರ ಪುಸ್ತಕಗಳ ಕಾಪಿರೈಟ್ ಮುಗಿದಿಲ್ಲ

"ಲೇಖಕರು ತೀರಿಕೊಂಡು 25 ವರ್ಷ ಆದ್ರೆ ಪುಸ್ತಕ ಎಲ್ಲರದ್ದು, ಕಾರಂತರ ಕಾದಂಬರಿಗಳ ಪಿಡಿಎಫ್ ಧೈರ್ಯವಾಗಿ ಹಂಚಿ" ಅನ್ನೋ ಮೆಸೇಜು ಉಡುಪಿ, ಮಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿದೆ. ಇದು ತಪ್ಪು.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಲೇಖಕರು ಬದುಕಿದ್ದಾಗ ಪ್ರಕಟವಾದ ಪುಸ್ತಕದ ಹಕ್ಕು, ಅವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. ಶಿವರಾಮ ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರಿನಲ್ಲಿ. ಅಂದ್ರೆ 2057ರ ಕೊನೆಯವರೆಗೂ ಹಕ್ಕು ಇದ್ದೇ ಇದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಹಾಗಾಗಿ ಅವರ ಕಾಲದಲ್ಲೇ ಅಚ್ಚಾದ ಪದ್ಯಗಳನ್ನು ಈಗ ಯಾರು ಬೇಕಾದರೂ ಹಂಚಬಹುದು. ವ್ಯತ್ಯಾಸ ಇಷ್ಟೇ ಅಲ್ವಾ?

ಹೀಗೆ ಸುತ್ತುತ್ತಿರುವ ಪಿಡಿಎಫ್ ಫೈಲು ತೆರೆದು ನೋಡಿದೆ. ಮೊದಲ ಪುಟದಲ್ಲಿ ಲೈಬ್ರರಿಯ ನೇರಳೆ ಸೀಲು, ಅಂಚಿನಲ್ಲಿ ಫೋಟೋ ತೆಗೆದವರ ಹೆಬ್ಬೆರಳು. ಓದುವ ಆಸೆಯಿಂದಲೇ ಯಾರೋ ಮಾಡಿರಬೇಕು. ಆದರೆ ಲೈಬ್ರರಿಯಿಂದ ತಂದ ಪುಸ್ತಕ ಅಂದ ಮಾತ್ರಕ್ಕೆ ಇಡೀ ಪುಸ್ತಕ ನಕಲು ಮಾಡಿ ಹಂಚುವ ಹಕ್ಕು ಬರುವುದಿಲ್ಲ, ದುಡ್ಡು ತಗೊಳ್ಳದೆ ಸುಮ್ನೆ ಕೊಟ್ಟರೂ ಅಷ್ಟೇ.

ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಡಿಲೀಟ್ ಮಾಡಿ, ಅದೇ ಗ್ರೂಪಿನಲ್ಲಿ ಈ 60 ವರ್ಷದ ಲೆಕ್ಕ ತಿಳಿಸಿ.