ಕೊನೆಯ ಕೆಲವೇ ಪ್ರದರ್ಶನಗಳು, ಜನರ ಒತ್ತಾಯದ ಮೇರೆಗೆ

ನಾಟಕ ಸೋತು ಬಾಗಿಲು ಹಾಕುವಾಗ ಸೋಲು ಅನ್ನೋ ಮಾತೇ ಬಾಯಿಗೆ ಬರದ ಹಾಗೆ ನೋಡಿಕೊಳ್ಳೋದು ದೊಡ್ಡ ಕಲೆ. ನಮ್ಮಲ್ಲಿ ಠೇವಣಿ ಕಳೆದುಕೊಂಡವರು ಮೈಕ್ ಮುಂದೆ ನಿಂತು ‘ಇದು ನೈತಿಕ ಗೆಲುವು’ ಅಂತಾರಲ್ಲ, ಅವರೆಲ್ಲ ನ್ಯೂಯಾರ್ಕಿನ ದೊಡ್ಡ ನಾಟಕಗಳ ಬೀದಿ ಬ್ರಾಡ್‌ವೇಯ ನಿರ್ಮಾಪಕರ ಮುಂದೆ ಇನ್ನೂ ಒಂದನೇ ಕ್ಲಾಸು.

ಉದಾಹರಣೆಗೆ ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್’ ತಗೊಳ್ಳಿ. ಮಕ್ಕಳು, ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಒಟ್ಟಿಗೆ ಕೂತು ನೋಡಲಿ ಅಂತ ಮಾಡಿದ ಸಂಗೀತ ನಾಟಕ. ಖರ್ಚು 7.5 ಕೋಟಿ ಡಾಲರ್. ಆಗ ಡಾಲರಿಗೆ 45 ರೂಪಾಯಿ ಅಂತ ಹಿಡಿದರೂ 330 ಕೋಟಿ ದಾಟುತ್ತದೆ. ಒಂದು ನಾಟಕಕ್ಕೆ! ಈ ದುಡ್ಡಿನಲ್ಲಿ ನಮ್ಮ ಹೆಗ್ಗೋಡಿನ ನೀನಾಸಂ ತಿರುಗಾಟ ಇನ್ನೆಷ್ಟು ತಲೆಮಾರು ಊರೂರು ತಿರುಗಬಹುದು ಅಂತ ಲೆಕ್ಕ ಹಾಕೋಕೆ ಕೂತರೆ ಫೋನಿನ ಕ್ಯಾಲ್ಕುಲೇಟರಿಗೂ ಮುಜುಗರವಾದೀತು, ಬೇಡ ಬಿಡಿ.

ಹಾಗಂತ ಅದು ಅಡ್ನಾಡಿಗಳ ಕೆಲಸ ಅಲ್ಲ. ಸಂಗೀತ ಯು2 ಬ್ಯಾಂಡಿನ ಬೋನೋ ಮತ್ತು ದಿ ಎಡ್ಜ್ ಅವರದ್ದು. ನಿರ್ದೇಶಕಿ ಜೂಲಿ ಟೇಮರ್. ಈಕೆ ಕಟ್ಟಿದ ‘ದ ಲಯನ್ ಕಿಂಗ್’ 1997ರಲ್ಲಿ ಬ್ರಾಡ್‌ವೇಗೆ ಬಂದದ್ದು ಇನ್ನೂ ಇಳಿದಿಲ್ಲ. ಇಂಥವರು ಸೇರಿದ ಮೇಲೆ ದುಡ್ಡು ಹಾಕಿದವರು ಯಾಕೆ ಅನುಮಾನ ಪಡ್ತಾರೆ? ಅನುಮಾನ ಶುರುವಾದದ್ದು 2010ರ ನವೆಂಬರ್ 28ರ ರಾತ್ರಿ, ಮೊದಲ ಸಲ ಪರದೆ ಎದ್ದಾಗ. ನಾಟಕ ಐದು ಸಲ ನಿಂತಿತು. ಮೊದಲ ಅಂಕ ಮುಗಿಯುವ ಹೊತ್ತಿಗೆ ಜಗತ್ತನ್ನು ಕಾಪಾಡಬೇಕಾದ ಸ್ಪೈಡರ್‌ಮ್ಯಾನ್ ಹಗ್ಗದ ತುದಿಯಲ್ಲಿ ಪ್ರೇಕ್ಷಕರ ನೆತ್ತಿಯ ಮೇಲೆ ಸಿಕ್ಕಿಹಾಕಿಕೊಂಡು ತೂಗಾಡುತ್ತಿದ್ದ. ಕೆಳಗಿನಿಂದ ರಂಗದ ಸಿಬ್ಬಂದಿ ಅವನ ಕಾಲು ಸಿಗುತ್ತದಾ ಅಂತ ಕೈ ಚಾಚುತ್ತಿದ್ದರು.

ಈ ದೃಶ್ಯವನ್ನು ಶಿವಮೊಗ್ಗದಲ್ಲಿ ಸುಮ್ನೆ ಕಲ್ಪಿಸಿಕೊಂಡು ನೋಡಿ. ಆಷಾಢದ ಸಂಜೆ, ಹೊರಗೆ ಜಿಟಿಜಿಟಿ ಮಳೆ, ಒಳಗೆ ಕರೆಂಟ್ ಹೋಗಿದೆ, ಜನರೇಟರ್ ಕೆಮ್ಮುತ್ತಿದೆ, ಮೇಲೆ ಒಬ್ಬ ಕೆಂಪು ಚಡ್ಡಿಯವನು ತೂಗುತ್ತಿದ್ದಾನೆ. ಹಿಂದಿನ ಸಾಲಿನಿಂದ ಯಾರೋ ಒಬ್ಬ ‘ಏ ಮಾರಾಯ, ಇಳೀತೀಯಾ ಇಲ್ಲಾ ಏಣಿ ತರಬೇಕಾ’ ಅಂತ ಕೂಗದೇ ಇರ್ತಾನಾ? ಎದುರಿಗೆ ಕೂತ ಮುಖ್ಯ ಅತಿಥಿಗಳು ಆ ಹೊತ್ತಿನಲ್ಲೇ ಎದ್ದು, ಇಂಥ ಪ್ರಯೋಗಗಳು ಹೆಚ್ಚಾಗಿ ಆಗಬೇಕು ಅಂತ ಎರಡು ಮಾತು ಆಡಿ, ಬೇರೆ ಕಾರ್ಯಕ್ರಮ ಇದೆ ಅಂತ ಹೊರಟುಬಿಡ್ತಾರೆ.

ಹಾಂ, ಇನ್ನೊಂದು ವಿಷಯ ಹೇಳಲೇಬೇಕು. ಆ ದಿನದ್ದು ಉದ್ಘಾಟನೆ ಅಲ್ಲ. ಅದಕ್ಕೆ ಅವರು ಪ್ರಿವ್ಯೂ ಅಂತಾರೆ. ನಮ್ಮ ಲೆಕ್ಕದಲ್ಲಿ ಟಿಕೆಟ್ ಕೊಟ್ಟು ತಾಲೀಮು ನೋಡೋದು. ಸಾಮಾನ್ಯವಾಗಿ ನಾಲ್ಕೈದು ವಾರ ಇದು ನಡೆಯುತ್ತದೆ, ಅಷ್ಟರಲ್ಲಿ ಎಡವಟ್ಟೆಲ್ಲ ಸರಿ ಮಾಡಿಕೊಂಡು ಉದ್ಘಾಟನೆ ಮಾಡ್ತಾರೆ, ವಿಮರ್ಶಕರು ಅಲ್ಲಿಯ ತನಕ ಬಾಯಿ ಮುಚ್ಚಿಕೊಂಡು ಕಾಯ್ತಾರೆ. ಇವರು ಮಾಡಿದ ತಾಲೀಮು 182. ಉದ್ಘಾಟನೆ ಇವತ್ತು, ನಾಳೆ, ಮುಂದಿನ ತಿಂಗಳು ಅಂತ ಎಳೆದೂ ಎಳೆದೂ ಕೊನೆಗೆ 2011ರ ಫೆಬ್ರವರಿಯಲ್ಲಿ ವಿಮರ್ಶಕರಿಗೇ ತಾಳ್ಮೆ ಕೆಟ್ಟಿತು. ತಾವೇ ಟಿಕೆಟ್ ಕೊಂಡು ಹೋಗಿ ನೋಡಿ ಬಂದು ಚೆನ್ನಾಗಿ ಬೈದು ಬರೆದರು. ಮಾರ್ಚಿನಲ್ಲಿ ನಿರ್ದೇಶಕಿಯನ್ನೇ ಪಕ್ಕಕ್ಕೆ ಸರಿಸಿದರು. ಏಪ್ರಿಲ್‌ನಲ್ಲಿ ಮೂರು ವಾರ ಬಾಗಿಲು ಹಾಕಿ ಕಥೆಯನ್ನೇ ಬದಲಾಯಿಸಿದರು. ಆಮೇಲೆ ಜೂನ್ 14ಕ್ಕೆ ಉದ್ಘಾಟನೆ. ಮುಗಿಸದ ಕಟ್ಟಡಕ್ಕೆ ಚುನಾವಣೆ ಹತ್ತಿರ ಬಂತು ಅಂತ ಟೇಪು ಕತ್ತರಿಸೋದನ್ನು ನಾವು ನೋಡಿದ್ದೇವೆ. ಆರೂವರೆ ತಿಂಗಳು ಜನ ಓಡಾಡಿದ ಕಟ್ಟಡಕ್ಕೆ ಆಮೇಲೆ ಟೇಪು ಕತ್ತರಿಸಿದ್ದು ಇವರೇ ಇರಬೇಕು.

ನಗು ಒಂದು ಕಡೆ ಇರಲಿ. 2010ರ ಡಿಸೆಂಬರಿನಲ್ಲಿ ಒಬ್ಬ ನಟ ಹಗ್ಗ ಕಟ್ಟಿಕೊಳ್ಳುವಲ್ಲಿ ಆದ ತಪ್ಪಿನಿಂದ ಇಪ್ಪತ್ತು ಅಡಿಗೂ ಹೆಚ್ಚು ಕೆಳಗೆ ಬಿದ್ದು ಮೂಳೆ ಮುರಿದುಕೊಂಡ. ಅವನೊಬ್ಬನೇ ಅಲ್ಲ, ಇನ್ನೂ ಕೆಲವರಿಗೆ ಗಾಯವಾಗಿತ್ತು. ಸರ್ಕಾರದ ಸುರಕ್ಷತಾ ಅಧಿಕಾರಿಗಳು ಬಂದು ತಪಾಸಣೆ ಮಾಡಿದರು, ದಂಡ ಹಾಕಿದರು. ಸರಿಯಾಗೇ ಮಾಡಿದರು.

ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗಿ ಬರುವ ಅಪ್ಪ ಅಮ್ಮಂದಿರು ನಮ್ಮ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಬೇಕಾದಷ್ಟು ಇದ್ದಾರೆ. ಅಳಿಯಂದಿರು ಇವರನ್ನು ನಯಾಗರಕ್ಕೂ ಒಂದು ಬ್ರಾಡ್‌ವೇ ನಾಟಕಕ್ಕೂ ಕರೆದುಕೊಂಡು ಹೋಗೋದು ಈಗ ಶಾಸ್ತ್ರವೇ ಆಗಿಬಿಟ್ಟಿದೆ. ಹಾಗೆ ಈ ಸ್ಪೈಡರ್‌ಮ್ಯಾನ್ ನೋಡಿ ಬಂದ ತೋಟದ ಹಿರಿಯರೊಬ್ಬರನ್ನು ಹೇಗಿತ್ತು ಅಂತ ಕೇಳಿದರೆ, ‘ಚೆನ್ನಾಗಿತ್ತು. ಆದರೆ ಅಲ್ಲಿಂದಿಲ್ಲಿಗೆ ಹಾರ್ತಿದ್ನಲ್ಲ, ಆ ಹುಡುಗನಿಗೆ ದಿನಕ್ಕೆ ಕೂಲಿ ಎಷ್ಟು ಕೊಡ್ತಾರೆ?’ ಅಂತ ನನ್ನನ್ನೇ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅವರ ತೋಟದಲ್ಲಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಲು ಬಾಕಿ ಇತ್ತು.

ಗೊನೆ ಕೊಯ್ಯುವ ಕೊನೆಗೌಡ ಮರ ಹತ್ತೋದನ್ನು ಹತ್ತಿರದಿಂದ ನೋಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಐವತ್ತು ಅಡಿ ಎತ್ತರದ ಅಡಿಕೆ ಮರ. ಸರಸರ ಹತ್ತಿ ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿ ಬಿಡ್ತಾನೆ. ಕೆಳಗೆ ಹಗ್ಗ ಎಳೆದು ಹಿಡಿದವನ ಕೈಗೆ ಅದು ಸರ್ರನೆ ಬಂದು ಬೀಳುತ್ತದೆ, ಒಂದು ಅಡಿಕೆ ಉದುರೋದಿಲ್ಲ. ಆಮೇಲೆ ಇಳಿಯೋದಿಲ್ಲ. ಕೂತ ಮರವನ್ನೇ ಜೀಕಿ ಜೀಕಿ ಬಗ್ಗಿಸಿ, ಪಕ್ಕದ ಮರದ ತಲೆ ಹಿಡಿದು, ಅತ್ತ ದಾಟಿಬಿಡ್ತಾನೆ. ಹಿನ್ನೆಲೆಗೆ ಬೋನೋ ಸಂಗೀತ ಇಲ್ಲ. ಬಾಯಲ್ಲಿ ಎಲೆಅಡಿಕೆ ಕವಳ ಇದೆ. ಪ್ರಿವ್ಯೂ ಅಂತೂ ಮೊದಲೇ ಇಲ್ಲ. ಬಿದ್ದರೆ ಅಧಿಕಾರಿ ತಪಾಸಣೆಗೆ ಬರೋದೂ ಇಲ್ಲ. 330 ಕೋಟಿ ಬೇಡ, ಈ ಕೆಲಸಕ್ಕೆ ಮುಂದಿನ ಸೀಸನ್ನಿಗೆ ಜನ ಸಿಗುತ್ತಾರಾ ಅನ್ನೋದೇ ಈಗ ಮಲೆನಾಡಿನ ಚಿಂತೆ.

ಮತ್ತೆ ನ್ಯೂಯಾರ್ಕಿಗೆ ಬರೋಣ. ಮಜಾ ಏನೆಂದರೆ, ನಾಟಕಕ್ಕೆ ಜನ ಬರಲಿಲ್ಲ ಅಂತ ಅಲ್ಲ. ಬಂದರು, ಮುಗಿಬಿದ್ದು ಬಂದರು. 2012ರ ಹೊಸ ವರ್ಷದ ಹೊತ್ತಿಗೆ ಒಂದೇ ವಾರಕ್ಕೆ 29 ಲಕ್ಷ ಡಾಲರ್ ಗಳಿಕೆ. ಬ್ರಾಡ್‌ವೇಯಲ್ಲಿ ಅಲ್ಲಿಯ ತನಕ ಯಾವ ನಾಟಕವೂ ಒಂದು ವಾರದಲ್ಲಿ ಅಷ್ಟು ಗಳಿಸಿರಲಿಲ್ಲ. ಯಾವನೋ ಬೀಳ್ತಾನಂತೆ, ನೋಡಿಕೊಂಡು ಬರೋಣ ಅಂತ ಬಂದವರೂ ಅದರಲ್ಲಿ ಇದ್ದರು ಅಂತ ನನ್ನ ಗುಮಾನಿ. ಆದರೆ ಈ ನಾಟಕವನ್ನು ಬರೀ ನಡೆಸೋಕೇ ವಾರಕ್ಕೆ ಹತ್ತು ಲಕ್ಷ ಡಾಲರಿಗಿಂತ ಜಾಸ್ತಿ ಬೇಕಿತ್ತು. ಅಷ್ಟು ಬಂದರೆ ಅವತ್ತಿನ ಕೂಲಿ, ಬಾಡಿಗೆ, ಕರೆಂಟು ಸರಿಹೋಯ್ತು ಅಷ್ಟೆ. ಹಾಕಿದ ಬಂಡವಾಳ ವಾಪಸ್ ಬರಬೇಕಾದರೆ ಅದರ ಮೇಲೆ ವಾರವಾರವೂ ಉಳಿಯಬೇಕು, ವರ್ಷಗಟ್ಟಲೆ ಉಳಿಯಬೇಕು. ಉಳಿಯಲಿಲ್ಲ. 2013ರ ಕೊನೆಗೆ ಬರುವುದು ಹೋಗುವುದಕ್ಕಿಂತ ಕಡಿಮೆಯಾಗಿತ್ತು.

ಈಗ ಬಂತು ನೋಡಿ ನಾನು ಹೇಳಿದ ಕಲೆ. ನವೆಂಬರಿನಲ್ಲಿ ನಿರ್ಮಾಪಕರು ಪ್ರಕಟಿಸಿದ್ದೇನು? ನಾಟಕ ನಿಲ್ಲುತ್ತಿದೆ ಅಂತಲಾ? ಛೆ ಛೆ. ನಾಟಕ ಲಾಸ್ ವೇಗಸ್‌ಗೆ ಹೋಗುತ್ತದೆ ಅಂತ! ನ್ಯೂಯಾರ್ಕಿನಲ್ಲಿ ಬಾಗಿಲು ಹಾಕುವುದು ಅಲ್ಲಿ ಬಾಗಿಲು ತೆಗೆಯುವುದಕ್ಕೋಸ್ಕರ ಅನ್ನೋ ಧಾಟಿ. 2014ರ ಜನವರಿ 4ಕ್ಕೆ 1066ನೇ ಪ್ರದರ್ಶನ ಮುಗಿಸಿ ಪರದೆ ಬಿತ್ತು. ಸುಮಾರು 6 ಕೋಟಿ ಡಾಲರ್ ಮುಳುಗಿತು ಅಂತ ಪತ್ರಿಕೆಗಳು ಬರೆದವು. ಲಾಸ್ ವೇಗಸ್‌ಗೆ ಸ್ಪೈಡರ್‌ಮ್ಯಾನ್ ಇನ್ನೂ ತಲುಪಿಲ್ಲ. ಬಹುಶಃ ಹಗ್ಗ ಮತ್ತೆ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು.

ಇದರಲ್ಲಿ ಹೊಟ್ಟೆಕಿಚ್ಚು ಪಡಬೇಕಾದವರು ನಮ್ಮ ವೃತ್ತಿ ಕಂಪನಿಯವರು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಜೊತೆಗೆ ನಾಟಕ ಕಂಪನಿಯ ತಗಡಿನ ಶೆಡ್ಡೂ ಬರುತ್ತದೆ. ಜಾತ್ರೆ ಮುಗಿದು ಜಯಂಟ್ ವೀಲ್ ಬಿಚ್ಚಿ ಲಾರಿ ಹತ್ತಿಸಿದರೂ ಶೆಡ್ ಅಲುಗೋದಿಲ್ಲ. ಆಟೋ ಒಂದಕ್ಕೆ ಮೈಕ್ ಕಟ್ಟಿ ಊರೆಲ್ಲ ಸುತ್ತಿಸ್ತಾರೆ. ‘ಕಲಾಭಿಮಾನಿಗಳೇ, ಇನ್ನು ಕೇವಲ ಮೂರೇ ಮೂರು ದಿನ, ಕೇವಲ ಮೂರು ದಿನ ಮಾತ್ರ.’ ಆ ಮೂರು ದಿನ ಮುಗಿಯುವಾಗ ‘ಜನರ ಒತ್ತಾಯದ ಮೇರೆಗೆ’ ಇನ್ನು ಮೂರು ದಿನ. ಆ ಒತ್ತಾಯ ಮಾಡಿದ ಜನ ಯಾರು, ಯಾವ ಕೇರಿಯವರು, ಯಾವಾಗ ಹೋಗಿ ಒತ್ತಾಯ ಮಾಡಿದರು ಅಂತ ಪೇಟೆಯಲ್ಲಿ ಯಾರಿಗೂ ಗೊತ್ತಿರೋದಿಲ್ಲ. ನಾವಂತೂ ಇದನ್ನು ನೋಡಿ ನಕ್ಕು, ಹಳ್ಳಿ ಬುದ್ಧಿ ಅಂತ ಆಡಿಕೊಂಡೆವು.

ಬ್ರಾಡ್‌ವೇಯ ‘ದ ಫ್ಯಾಂಟಮ್ ಆಫ್ ದ ಆಪೆರಾ’ 1988ರಿಂದ ನಡೆಯುತ್ತಿದ್ದ ನಾಟಕ. 2022ರ ಸೆಪ್ಟೆಂಬರಿನಲ್ಲಿ ‘ಮುಂದಿನ ಫೆಬ್ರವರಿ 18ಕ್ಕೆ ಕೊನೆ’ ಅಂತ ಸಾರಿದರು. ಕೂಡಲೇ ಟಿಕೆಟಿಗೆ ನೂಕುನುಗ್ಗಲು. ಮೂವತ್ತನಾಲ್ಕು ವರ್ಷ ‘ಯಾವಾಗಾದರೂ ನೋಡೋಣ’ ಅಂದುಕೊಂಡವರೆಲ್ಲ ಒಟ್ಟಿಗೆ ಓಡಿ ಬಂದರು. ಆಗ ನಿರ್ಮಾಪಕರು ಏನು ಮಾಡಿದರು ಹೇಳಿ? ಬೇಡಿಕೆ ಜಾಸ್ತಿ ಇದೆ ಅಂತ ಏಪ್ರಿಲ್ 16ಕ್ಕೆ ಮುಂದೂಡಿದರು! ಆಟೋ ಒಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಒಟ್ಟು 13,981 ಪ್ರದರ್ಶನ ಆಯ್ತು ಅಂತಾರೆ. ನಮ್ಮ ಕಂಪನಿಯ ಮ್ಯಾನೇಜರ್ ಅಲ್ಲಿದ್ದಿದ್ದರೆ ಇವತ್ತಿಗೂ ಇನ್ನು ಮೂರೇ ದಿನ ಬಾಕಿ ಇರುತ್ತಿತ್ತು.

ದೊಡ್ಡದಾಗಿ ತೋರಿಸುವ ಚಟ ನಮಗೇನೂ ಕಡಿಮೆ ಇರಲಿಲ್ಲ ಅನ್ನೋದನ್ನೂ ಒಪ್ಪಬೇಕು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಆದರೆ ಆನೆಗೆ ಸಾಫ್ಟ್‌ವೇರ್ ಕೈಕೊಡೋದಿಲ್ಲ. ಲಂಡನ್ನಿನವರು ‘ದ ಲಾರ್ಡ್ ಆಫ್ ದ ರಿಂಗ್ಸ್’ ಸಂಗೀತ ನಾಟಕಕ್ಕೆ ಒಂದರೊಳಗೊಂದು ತಿರುಗುವ ರಂಗದಲ್ಲಿ 17 ಲಿಫ್ಟ್ ಇಟ್ಟು, ಕೋಟಿಗೂ ಮೀರಿ ಪೌಂಡ್ ಸುರಿದು, 2007ರ ಜೂನಿನಲ್ಲಿ ಶುರು ಮಾಡಿ 2008ರ ಜುಲೈಗೆ ಗಂಟುಮೂಟೆ ಕಟ್ಟಿದರು. ಅದಕ್ಕೂ ಮೊದಲು ಟೊರಾಂಟೋದಲ್ಲಿ ಆರು ತಿಂಗಳು ಮಾಡಿ ಕೈಸುಟ್ಟುಕೊಂಡೇ ಬಂದಿದ್ದರು. ಲಂಡನ್ನಿನದೇ ಇನ್ನೊಂದು ನಾಟಕ ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’ನ ಹಾರುವ ಕಾರಿಗೆ ಏಳೂವರೆ ಲಕ್ಷ ಪೌಂಡ್. ಅದು ಜಗತ್ತಿನ ಅತಿ ದುಬಾರಿ ರಂಗಪರಿಕರ ಅಂತ ಗಿನ್ನೆಸ್ ದಾಖಲೆ ಬೇರೆ. ನಟರ ಬಗ್ಗೆ ಯಾರೂ ಏನೂ ಹೇಳಿದ ನೆನಪಿಲ್ಲ, ಕಾರು ಚೆನ್ನಾಗಿತ್ತಂತೆ.

ಇತ್ತ ನಮ್ಮ ಯಕ್ಷಗಾನ ಮೇಳಗಳನ್ನು ನೋಡಿ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಮಲೆನಾಡಿನ ಮನೆಯವರು ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯ್ತಾರೆ. ಇಷ್ಟು ಬೇಡಿಕೆ ಇರುವ ತಂಡವೂ ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತು ಅಂದರೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿಬಿಡುತ್ತದೆ. ಪತ್ರಿಕಾಗೋಷ್ಠಿ ಇಲ್ಲ. ‘ನಮ್ಮ ಪಯಣ ಹೊಸ ರೂಪ ಪಡೆಯಲಿದೆ’ ಇಲ್ಲ. ದೇವಿ ಮಹಿಷಾಸುರನನ್ನು ಕೊಂದಳು, ಬೆಳಗಿನ ಜಾವ ಮಂಗಳ ಹಾಡಿದರು, ಚೌಕಿಯಲ್ಲಿ ಬಣ್ಣ ಒರೆಸಿಕೊಂಡರು, ಪೆಟ್ಟಿಗೆ ಲಾರಿಗೆ ಏರಿತು. ಮಹಿಷಾಸುರ ಮರುದಿನ ಮನೆಗೆ ಹೋಗಿ ಗದ್ದೆ ಕೆಲಸ ನೋಡಿಕೊಳ್ತಾನೆ. ಮಳೆ ಬರುತ್ತದೆ, ಆಟ ಆಡೋಕಾಗಲ್ಲ, ಅದಕ್ಕೆ ನಿಲ್ಲಿಸಿದೆವು ಅನ್ನೋ ಇಷ್ಟು ಸರಳ ಕಾರಣವನ್ನು ಬ್ರಾಡ್‌ವೇಯ ಪಿಆರ್‌ನವರಿಗೆ ಕೊಟ್ಟರೆ ಅವರಿಗೆ ಅದನ್ನು ಏನು ಮಾಡಬೇಕು ಅಂತಲೇ ತಿಳಿಯಲಿಕ್ಕಿಲ್ಲ.

ಸ್ಪೈಡರ್‌ಮ್ಯಾನ್ ಖಾಲಿ ಮಾಡಿದ ಆ ಥಿಯೇಟರಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬೋರ್ಡಿನ ಹೆಸರು ಬದಲಾಗಿ ಲಿರಿಕ್ ಆಯ್ತು. 2016ರಲ್ಲಿ ಸರ್ಕಸ್ ಕಂಪನಿ ಸರ್ಕ್ ದು ಸೊಲೇಲ್‌ನವರು ಇನ್ನೊಂದು ಹಾರಾಟದ ಸಂಗೀತ ಪ್ರದರ್ಶನ ತಂದರು. ಅದೂ ಒಂದು ವರ್ಷಕ್ಕೆ ಜಾಗ ಬಿಟ್ಟಿತು, ಯಾಕೆಂದರೆ ಹ್ಯಾರಿ ಪಾಟರ್ ಬರಬೇಕಿತ್ತು. ಇದ್ದವರಿಗೆ ದುಡ್ಡು ಕೊಟ್ಟು ಎಬ್ಬಿಸಿ ಥಿಯೇಟರನ್ನು ಹೊಸದಾಗಿ ಕಟ್ಟೋಕೆ ಆದ ಖರ್ಚೇ 3 ಕೋಟಿ 30 ಲಕ್ಷ ಡಾಲರ್. ನಾಟಕದ ಖರ್ಚು ಬೇರೆ, ಅದೂ ಅಷ್ಟೇ ದೊಡ್ಡದು.

ಜಾಗ ಬಿಟ್ಟು ಎದ್ದು ಹೋಗೋಕೂ ದುಡ್ಡು ಹುಟ್ಟುತ್ತದೆ ಅನ್ನೋ ಈ ಸುದ್ದಿ ದಯವಿಟ್ಟು ನಮ್ಮ ಕಡೆ ಯಾರಿಗೂ ಹೇಳಬೇಡಿ. ಪೇಟೆಯ ನಡುವೆ ಗಣಪತಿ ಪೆಂಡಾಲು ಹಾಕುವ ಹುಡುಗರಿಗಂತೂ ಹೇಳಲೇಬೇಡಿ.