ದೃಷ್ಟಿಗೊಂಬೆಯ ಟೀ ಶರ್ಟು

ಹೆವಿ ಮೆಟಲ್ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಥಂಡಿಯಲ್ಲಿ. ಅದಕ್ಕೇ ಇರಬೇಕು, ಅದರ ಅಭಿಮಾನಿ ಅಂದರೆ ಕರಿ ಟೀ ಶರ್ಟು, ಚರ್ಮದ ಜಾಕೆಟ್ಟು, ಬೆನ್ನಿನ ತನಕ ಕೂದಲು. ಕಲಬುರಗಿಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ ಅನ್ನೋದು ಈ ಸಂಗೀತ ಕಟ್ಟಿದವರಿಗೆ ಗೊತ್ತಿರಲಿಲ್ಲ. ಮಾರ್ಚ್ ಮಧ್ಯಾಹ್ನದಲ್ಲಿ ನಮ್ಮ ಸೂಪರ್ ಮಾರ್ಕೆಟ್ ಕಡೆ ಕರಿ ಬಟ್ಟೆ ತೊಟ್ಟು ತಿರುಗುವ ಗಂಡಸರು ಎರಡೇ ಜಾತಿ. ಒಂದು ವಕೀಲರು, ಇನ್ನೊಂದು ನಾನು. ವಕೀಲರಿಗೆ ಅದಕ್ಕೆ ಫೀಸಾದರೂ ಸಿಗುತ್ತಿತ್ತು.

ಆಗ ಊರಿನ ಹೆಸರು ಇನ್ನೂ ಗುಲ್ಬರ್ಗ. 2014ರಲ್ಲಿ ಹೆಸರು ಬದಲಾಯಿತು, ಬಿಸಿಲು ಬದಲಾಗಲಿಲ್ಲ. ನಾನು ಕಾಲೇಜಿನಲ್ಲಿದ್ದೆ. ಐರನ್ ಮೇಡನ್ ಅನ್ನೋ ಹೆವಿ ಮೆಟಲ್ ಬ್ಯಾಂಡು ಅಂದರೆ ಪ್ರಾಣ. ಹೈದರಾಬಾದಿಗೆ ಯಾರಾದರೂ ಹೊರಟರೆ ಅವರ ಕೈಗೆ ಚೀಟಿ ಕೊಟ್ಟು ಕ್ಯಾಸೆಟ್ ತರಿಸುತ್ತಿದ್ದೆ. ಗೆಳೆಯರಿಗೆ ಹಾಕಿ ಕೇಳಿಸಿದರೆ ಅವರು ಎರಡು ನಿಮಿಷ ಸುಮ್ನೆ ಕೂತು, ‘ಇದರಾಗ ಹಾಡು ಎಲ್ಲಿಂದ ಸುರು ಆಗ್ತದ?’ ಅಂತ ಕೇಳುತ್ತಿದ್ದರು. ಇಡೀ ಜಿಲ್ಲೆಗೆ ನಾನೊಬ್ಬನೇ ಮೇಡನ್ ಅಭಿಮಾನಿ ಅಂತ ನನಗೆ ಗಟ್ಟಿಯಾಗಿ ಗೊತ್ತಿತ್ತು. ಅದರ ಬಗ್ಗೆ ಬೇಸರ ಇತ್ತು ಅಂತ ಹೇಳಬಹುದು, ಆದರೆ ಖರೇ ಹೇಳಬೇಕೆಂದರೆ ಜಂಬವೇ ಜಾಸ್ತಿ ಇತ್ತು.

ಆಗ ಸುದ್ದಿ ಬಂತು. 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನ. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಬ್ಯಾಂಡು ಅಷ್ಟು ವರ್ಷದ ಮೇಲೆ ಮೊದಲ ಸಲ ಭಾರತಕ್ಕೆ ಬರುತ್ತಿತ್ತು. ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗ ಟಿಕೆಟ್ ತೆಗೆದಿಟ್ಟ. ಅವನು ಬರುವುದಿಲ್ಲವಂತೆ. ‘ನನಗ ಕಿವಿ ಬೇಕು’ ಅಂದ.

ಮನೆಯಲ್ಲಿ ಹೇಳಿದಾಗ ಅವ್ವನಿಗೆ ಅರ್ಥವಾಗದ ಮಾತು ಒಂದೇ. ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ನಮ್ಮಲ್ಲಿ ಶರಣಬಸವೇಶ್ವರರ ತೇರು. ತೇರು ಆಗಿ ವಾರವಾಗಿತ್ತು, ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿರಲಿಲ್ಲ.

‘ಇಲ್ಲೇ ಶರಣಪ್ಪನ ಜಾತ್ರಿ ಅದ. ಅದನ್ನ ಬಿಟ್ಟು ಅಲ್ಲಿ ಯಾವ ಜಾತ್ರಿಗಿ ಹೊಂಟೀದಿ?’

‘ಜಾತ್ರಿ ಅಲ್ಲವ್ವ, ಹಾಡಿನ ಕಾರ್ಯಕ್ರಮ.’

‘ಮಂದಿ ಬರ್ತಾರಿಲ್ಲೋ? ನೂಕಾಡ್ತಾರಿಲ್ಲೋ? ಹಂಗಾದ್ರ ಜಾತ್ರೀನೇ.’

ಈ ವಾದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮೇಡನ್ ನೋಡಲು ಮೇಡನ್ ಟೀ ಶರ್ಟು ಇಲ್ಲದೆ ಹೋಗುವುದುಂಟೇ? ನನ್ನ ಬಳಿ ಒಂದಿತ್ತು. ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಚೌಕಾಶಿ ಮಾಡಿ ತಂದದ್ದು. ಅದರ ಮೇಲೆ ಎಡ್ಡಿಯ ಚಿತ್ರ. ಎಡ್ಡಿ ಅಂದರೆ ಈ ಬ್ಯಾಂಡಿನ ಗೊಂಬೆ. ಅವರ ಆಲ್ಬಮ್ಮುಗಳ ಮುಖಪುಟದಲ್ಲೆಲ್ಲ ಇವನದೇ ಕಾರುಬಾರು. ಒಣಗಿದ ಹೆಣದ ಮುಖ, ಕಿಸಿದ ಹಲ್ಲು, ಒಳಗೆ ಹೋದ ಕಣ್ಣು. ಅವ್ವ ಅದನ್ನು ಒಗೆಯುವಾಗ ಮುಖ ತಿರುಗಿಸುತ್ತಿದ್ದಳು. ಬಾಜೂ ಮನೆಯವರಿಗೆ ಕಾಣಬಾರದು ಅಂತ ಒಳಮಗ್ಗಲು ಮಾಡಿ ಒಣಹಾಕುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ನೋಡಿದರೆ ಟೀ ಶರ್ಟು ಇಲ್ಲ. ಟ್ರಂಕು, ಕಪಾಟು, ಒಗೆಯೋ ಬಕೆಟ್ಟು ಎಲ್ಲ ಹುಡುಕಿದೆ. ಕೊನೆಗೆ ಅವ್ವ ಹಿಟ್ಟು ನಾದುತ್ತಲೇ ಹೇಳಿದಳು, ‘ನಿಮ್ಮ ಕಾಕಾ ಒಯ್ದಾನ ನೋಡು.’

ಕಾಕಾ ಸೇಡಂ ರಸ್ತೆಯ ಕಡೆ ಮನೆ ಕಟ್ಟಿಸುತ್ತಿದ್ದರು. ಸೈಕಲ್ ತುಳಿದು ಹೋದೆ. ಎರಡನೇ ಅಂತಸ್ತಿನ ಕಂಬಿಗೆ ಬಿದಿರು ಕಟ್ಟಿ, ಹುಲ್ಲು ತುಂಬಿ, ತಲೆಗೆ ಮಡಕೆ ಇಟ್ಟು ದೃಷ್ಟಿಗೊಂಬೆ ನಿಲ್ಲಿಸಿದ್ದರು. ಅದರ ಮೈಮೇಲೆ ನನ್ನ ಟೀ ಶರ್ಟು. ಎದೆಯ ಮೇಲಿನ ಎಡ್ಡಿ ಗುಲ್ಬರ್ಗದ ಕಡೆ ಹಲ್ಲು ಕಿಸಿದು ನಿಂತಿದ್ದ.

ಕಾಕಾಗೆ ಸ್ವಲ್ಪವೂ ಸಂಕೋಚ ಇರಲಿಲ್ಲ. ‘ಅಂಗಡಿ ಗೊಂಬಿ ನೋಡಿದ್ರ ಮಂದಿ ನಗ್ತಾರ. ಇದನ್ನ ನೋಡಿದ್ರ ನನಗೇ ಅಂಜಿಕಿ ಬರ್ತದ. ಖರ್ಚೂ ಇಲ್ಲ’ ಅಂದರು. ಅದಕ್ಕಿಂತ ದೊಡ್ಡ ಅಡ್ಡಿ ಗೌಂಡಿಯದು. ಈ ಗೊಂಬೆ ನಿಲ್ಲಿಸಿದ ಮೇಲೆ ಸಿಮೆಂಟು ಚೀಲ ಕಳುವಾಗುವುದು ನಿಂತಿದೆಯಂತೆ. ರಾತ್ರಿ ಟಾರ್ಚ್ ಬಿಟ್ಟವನು ಅದನ್ನು ನೋಡಿ ಓಡಿಹೋದನಂತೆ. ಈಗ ತೆಗೆದರೆ ಜವಾಬ್ದಾರಿ ಯಾರದು?

ಅರ್ಧ ತಾಸು ಪಂಚಾಯ್ತಿ ಆಯಿತು. ಕೊನೆಗೆ ಬದಲಿಗೆ ಬೇರೆ ಬಟ್ಟೆ ಕೊಡಬೇಕು ಅಂತ ತೀರ್ಮಾನ. ಮೈಮೇಲಿದ್ದ ಅಂಗಿ ಬಿಚ್ಚಿ ಗೊಂಬೆಗೆ ತೊಡಿಸಿ, ಗೊಂಬೆಯ ಟೀ ಶರ್ಟು ನಾನು ತೊಟ್ಟು ಮನೆಗೆ ಬಂದೆ. ಬಿಸಿಲಿಗೆ ಕರಿ ಬಣ್ಣ ಬೂದಿಯಾಗಿತ್ತು. ಭುಜದ ಮೇಲೆ ಸಿಮೆಂಟು ಗಟ್ಟಿಯಾಗಿ ಕೂತಿತ್ತು. ಒಳಗಿನ ಹುಲ್ಲು ಬೆಂಗಳೂರು ಮುಟ್ಟುವ ತನಕ ಚುಚ್ಚುತ್ತಲೇ ಇತ್ತು.

ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ಸು. ಅವ್ವ ಬಿಳಿ ಬಟ್ಟೆಯಲ್ಲಿ ಕಟಕ ರೊಟ್ಟಿಯ ಗಂಟು, ಡಬ್ಬಿಯಲ್ಲಿ ಶೇಂಗಾ ಹಿಂಡಿ ಕೊಟ್ಟಿದ್ದಳು. ವಾಡಿ, ಯಾದಗಿರಿ, ರಾಯಚೂರು ದಾಟುವಾಗಲೂ ಗಂಟು ಬಿಚ್ಚಲಿಲ್ಲ. ಖುಷಿಗೆ ಹಸಿವೇ ಇರಲಿಲ್ಲ.

ಹಸಿವಾಗಿದ್ದರೆ ಚೆನ್ನಾಗಿತ್ತು. ಅರಮನೆ ಮೈದಾನದ ಗೇಟಿನಲ್ಲಿ ಸೆಕ್ಯೂರಿಟಿಯವನು ಗಂಟು ಹಿಡಿದ. ತಿನ್ನುವ ಸಾಮಾನು ಒಳಗೆ ಬಿಡುವುದಿಲ್ಲ. ಆದರೆ ಇದು ತಿನ್ನುವ ಸಾಮಾನು ಹೌದೋ ಅಲ್ಲವೋ ಅಂತಲೇ ಅವನಿಗೆ ಅನುಮಾನ. ರೊಟ್ಟಿಯನ್ನು ಬೆರಳಿನಿಂದ ಬಡಿದ. ಟಣ್ ಅಂತ ಸದ್ದು ಬಂತು. ಡಬ್ಬಿಯ ಮುಚ್ಚಳ ತೆಗೆದು ಕೆಂಪು ಪುಡಿಯನ್ನು ಮೂಗಿಗೆ ಹಿಡಿದ. ಆಮೇಲೆ ಸೀನಿದ, ಸೀನಿದ, ಸೀನುತ್ತಲೇ ಇದ್ದ. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ಕೈ ಸನ್ನೆ ಮಾಡಿದ, ಎಲ್ಲ ಡ್ರಮ್ಮಿಗೆ ಎಸೆಯಬೇಕು.

ನಾನು ಗಂಟು ಎತ್ತಿದೆ. ಹಿಂದಿನಿಂದ ಯಾರೋ ಕೂಗಿದರು.

‘ಏ ತಮ್ಮಾ! ಹಿಂಡಿ ಒಗೀಬ್ಯಾಡೋ! ಏನ್ ಮಾಡ್ಲತ್ತೀ?’

ತಿರುಗಿ ನೋಡಿದೆ. ನಡು ವಯಸ್ಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹಣೆಯಲ್ಲಿ ವಿಭೂತಿ. ಮಗನನ್ನು ಹುಡುಕಿಕೊಂಡು ಬಂದ ತಂದೆ ಅಂದುಕೊಂಡೆ. ಅಲ್ಲ. ಅವರ ಕೈಯಲ್ಲೂ ಟಿಕೆಟ್ಟು. ಊರು ಗುಲ್ಬರ್ಗ. ಮನೆ ಬ್ರಹ್ಮಪುರ, ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ದೂರ. ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ನಾನು ಹುಟ್ಟುವ ಮೊದಲಿನಿಂದ ಮೇಡನ್ ಕೇಳುತ್ತಿದ್ದಾರೆ. ಸೋಲಾಪುರದ ಮಾವನ ಮಗ ಕೊಟ್ಟ ಕ್ಯಾಸೆಟ್ಟಿನಿಂದ ಶುರುವಾಯಿತಂತೆ. ಇಷ್ಟೆಲ್ಲ ಗೇಟಿನ ಪಕ್ಕ ನೆಲದ ಮೇಲೆ ಕೂತು ರೊಟ್ಟಿ ಮುರಿಯುತ್ತ ಹೇಳಿದರು.

ಇಡೀ ಜಿಲ್ಲೆಯ ಏಕೈಕ ಅಭಿಮಾನಿ ಅನ್ನೋ ನನ್ನ ಪದವಿ ಅಲ್ಲಿಗೆ ಹೋಯಿತು. ಅದೂ ನನ್ನದೇ ಹಿಂಡಿ ತಿನ್ನುತ್ತಿದ್ದ ಮನುಷ್ಯನಿಂದ.

ಕಟಕ ರೊಟ್ಟಿ ಅವಸರಕ್ಕೆ ಬಗ್ಗುವ ಊಟ ಅಲ್ಲ. ದಿಲ್ಲಿಯ ಪರಿಕ್ರಮ ಬ್ಯಾಂಡು ನುಡಿಸಿದ್ದು, ಬೇಸ್ ಗಿಟಾರಿನ ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಹ್ಯಾರಿಸ್ ಹಾಡಿದ್ದು, ಎರಡನ್ನೂ ಗೇಟಿನ ಆಚೆಯಿಂದ, ನಮ್ಮ ಹಲ್ಲಿನ ಕಟಂಕಟಂ ನಡುವೆ ಕೇಳಿದೆವು.

ಒಳಗೆ ಹೋದರೆ ಕಪ್ಪು ಸಮುದ್ರ. ಎಲ್ಲರದೂ ಹೊಸ ಟೀ ಶರ್ಟು. ಒಬ್ಬ ಬೆಂಗಳೂರು ಹುಡುಗ ನನ್ನದನ್ನು ಮುಟ್ಟಿ ಮುಟ್ಟಿ ನೋಡಿದ. ಬಣ್ಣ ಹೋದದ್ದು, ಸಿಮೆಂಟಿನ ಕಲೆ ನೋಡಿ ಬಹಳ ಹಳೇ ಟೂರಿನದು ಅಂದುಕೊಂಡ. ‘ಯಾವ ವರ್ಷದ್ದು ಗುರು?’ ಅಂದ. ‘ಸೇಡಂ ರೋಡ್’ ಅಂದೆ. ಅವನು ಗೌರವದಿಂದ ತಲೆ ಆಡಿಸಿದ.

ಆಮೇಲೆ ಅವರು ಬಂದರು. ಬಂದರು ಅಂತ ಸದ್ದಿನಿಂದ ಗೊತ್ತಾಯಿತು. ನನ್ನ ಮುಂದೆ ಆರಡಿ ಮೀರಿದವನೊಬ್ಬ ನಿಂತಿದ್ದ, ಅವನ ಹೆಗಲ ಮೇಲೆ ಇನ್ನೊಬ್ಬ. ಹಾರಿದಾಗಲೆಲ್ಲ ತುಣುಕು ತುಣುಕು ಕಾಣುತ್ತಿತ್ತು. ಒಂದು ಹಾರಿಗೆ ಸ್ಟೀವ್ ಹ್ಯಾರಿಸ್ ಸ್ಪೀಕರಿನ ಮೇಲೆ ಕಾಲಿಟ್ಟು ಬೇಸನ್ನು ಬಂದೂಕಿನ ಹಾಗೆ ನಮ್ಮ ಕಡೆ ಹಿಡಿದಿದ್ದರು. ಇನ್ನೊಂದು ಹಾರಿಗೆ ಗಿಟಾರಿನ ಜಾನಿಕ್ ಗರ್ಸ್. ಡ್ರಮ್ಸಿನ ನಿಕೋ ಮೆಕ್‌ಬ್ರೇನ್ ಎಷ್ಟು ಹಾರಿದರೂ ಕಾಣಲಿಲ್ಲ. ಅದು ನನ್ನ ಎತ್ತರದ ದೋಷವಲ್ಲ, ಅಷ್ಟೊಂದು ಡ್ರಮ್ಮುಗಳ ಹಿಂದೆ ಕೂತ ಮನುಷ್ಯ ಯಾರಿಗೂ ಸುಲಭಕ್ಕೆ ಕಾಣುವುದಿಲ್ಲ.

ಆದರೆ ಸುತ್ತ ಸಾವಿರಾರು ಬಾಯಿ ಒಟ್ಟಿಗೆ ಹಾಡತೊಡಗಿದಾಗ ನನಗೆ ಆದದ್ದು ಖುಷಿಯಲ್ಲ, ಹೊಟ್ಟೆಕಿಚ್ಚು. ಇದು ನನ್ನ ಹಾಡು. ಫ್ಯಾನಿನ ಕೆಳಗೆ ಅಂಗಾತ ಮಲಗಿ, ಕರೆಂಟು ಹೋಗುವ ಮೊದಲು ಮುಗಿಯಲಿ ಅಂತ ಬೇಡಿಕೊಂಡು ಕೇಳಿದ್ದು. ಇವರಿಗೆಲ್ಲ ಯಾರು ಕೊಟ್ಟರು? ಪಕ್ಕದಲ್ಲಿ ವಿಭೂತಿ ಬೆವರಿಗೆ ಇಳಿದು, ಅಣ್ಣಾವರು ಕಣ್ಣು ಮುಚ್ಚಿ ಒಂದಕ್ಷರ ತಪ್ಪದೆ ಹಾಡುತ್ತಿದ್ದರು. ಕಿಚ್ಚು ಎರಡು ಹಾಡಿನ ತನಕ ಇತ್ತು. ಮೂರನೆಯದಕ್ಕೆ ನಾನೂ ಬಾಯಿ ತೆಗೆದೆ.

ಹಾಡುಗಾರ ಬ್ರೂಸ್ ಡಿಕಿನ್ಸನ್‌ಗೆ ಒಂದು ರೂಢಿ, ಹೋದ ಊರಿನ ಹೆಸರು ಹಿಡಿದು ‘ಕೂಗಿ!’ ಅನ್ನುತ್ತಾರೆ. ಬೆಂಗಳೂರಿನ ಹೆಸರು ಬಂತು, ಮೈದಾನ ಎದ್ದು ಕೂಗಿತು. ಅಣ್ಣಾವರು ಮಾತ್ರ ‘ಗುಲ್ಬರ್ಗಾ!’ ಅಂದರು. ‘ಅವರಿಗಿ ಗೊತ್ತಾಗ್ಲಿ, ನಾವೂ ಬಂದೀವಿ’ ಅಂತ ಕಾರಣ ಕೊಟ್ಟರು.

ಆ ಕುಣಿತದಲ್ಲೇ ನನ್ನ ಎಡಗಾಲಿನ ಚಪ್ಪಲಿ ಹೋಯಿತು. ಬಗ್ಗಿ ನೂರು ಬೂಟುಗಳ ನಡುವೆ ತಡಕಾಡಿದೆ. ಮೇಲೆ ಏನೋ ಭಾರೀ ಗದ್ದಲ. ಎದ್ದು ನೋಡುವಷ್ಟರಲ್ಲಿ ಎಡ್ಡಿ ವೇದಿಕೆಯ ಮೇಲೆ ಬಂದು ಹೋಗಿದ್ದ. ಅಣ್ಣಾವರ ಚಪ್ಪಲಿ ಮಾತ್ರ ಭದ್ರ. ಮೊದಲೇ ಬಿಚ್ಚಿ, ನಮ್ಮ ರೊಟ್ಟಿಯ ಬಟ್ಟೆಯಲ್ಲಿ ಗಂಟು ಕಟ್ಟಿ ಕಂಕುಳಲ್ಲಿ ಇಟ್ಟಿದ್ದರು. ‘ಶರಣಪ್ಪನ ಜಾತ್ರಿಗಿ ಎಂದೂ ಹೋಗಿಲ್ಲೇನು?’ ಅಂದರು.

ಮರುದಿನ ಸಂಜೆ ಒಂದೇ ಬೋಗಿಯಲ್ಲಿ ಹೊರಟೆವು. ಊರಿನಲ್ಲಿ ಒಬ್ಬ ಜೊತೆಗಾರ ಸಿಕ್ಕ ಅನ್ನೋ ಸಂತೋಷ ಹಿಂದೂಪುರದ ತನಕ ಬಾಳಿತು. ಅಲ್ಲಿ ಅವರು, ‘ಬ್ರೂಸ್ ಬಂದ ಮ್ಯಾಲ ಬ್ಯಾಂಡ್ ಕೆಟ್ಟಿತು’ ಅಂದರು. 1980 ಮತ್ತು 1981ರ ಮೊದಲ ಎರಡು ಆಲ್ಬಮ್ಮುಗಳಲ್ಲಿ ಹಾಡಿದವರು ಪಾಲ್ ಡಿಯಾನೋ. ಅಣ್ಣಾವರ ಪ್ರಕಾರ ಮೇಡನ್ ಅಂದರೆ ಅಷ್ಟೇ. ಹಾಗಾದರೆ ಬಂದದ್ದು ಯಾಕೆ ಅಂದೆ. ‘ಸುಧಾರಿಸಿದ್ದಾರೇನು ನೋಡಾಕ’ ಅಂದರು. ಗುಂತಕಲ್ಲಿನಲ್ಲಿ ದನಿ ಏರಿತು. ಮೇಲಿನ ಬರ್ತಿನ ಅಜ್ಜ, ಆಸ್ತಿ ಜಗಳವಾದರೆ ಹಿರಿಯರನ್ನು ಕೂಡಿಸಿ ಬಗೆಹರಿಸಿಕೊಳ್ಳಿ ಅಂತ ಬುದ್ಧಿ ಹೇಳಿದರು. ಗುಲ್ಬರ್ಗದಲ್ಲಿ ಇದ್ದವರೇ ಇಬ್ಬರು, ಅಷ್ಟರಲ್ಲೇ ಎರಡು ಪಕ್ಷವಾಯಿತು. ಯಾದಗಿರಿಯಲ್ಲಿ ಅವರೇ ಚಹಾ ಕೊಡಿಸಿದರು, ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಇಲ್ಲಿಯ ತನಕ ಆ ಜಗಳವನ್ನು ನಾವಿಬ್ಬರೂ ಜೋಪಾನವಾಗಿ ನಡೆಸಿಕೊಂಡು ಬಂದಿದ್ದೇವೆ. 2024ರ ಅಕ್ಟೋಬರಿನಲ್ಲಿ ಡಿಯಾನೋ ತೀರಿಕೊಂಡರು. ಅಣ್ಣಾವರೇ ಫೋನು ಮಾಡಿದರು. ದನಿ ಸಣ್ಣದಾಗಿತ್ತು. ಏನಾದರೂ ಸಮಾಧಾನ ಹೇಳಬೇಕಲ್ಲ ಅಂತ ಹೇಳಿದೆ, ‘ಮೊದಲಿನ ಎರಡು ಆಲ್ಬಮ್ ಖರೇನೇ ಭಾಳ ಚಲೋ ಅವ ಅಣ್ಣಾ.’

ಸ್ವಲ್ಪ ಹೊತ್ತು ಸದ್ದಿಲ್ಲ.

‘ಬ್ರೂಸ್‌ಕಿಂತ ಚಲೋ?’

ಸತ್ತವರ ಮನೆಯಲ್ಲಿ ವಾದ ಮಾಡಬಾರದು ಅಲ್ವಾ? ‘ಹೌದಣ್ಣಾ’ ಅಂದೆ.

‘ಹಂಗಾದ್ರ ನಾಳಿಗಿ ಗಂಜಿಗಿ ಬಂದು ಬರದು ಕೊಡು. ತಾರೀಖು ಹಾಕಿ ಸಹಿ ಮಾಡು. ಬಾಯಿ ಮಾತಿನ ಲೆಕ್ಕ ನಾ ಹಿಡಿಯಂಗಿಲ್ಲ.’