ಬೋರ್ಡ್ ಗೇಮ್ ಮಾಡಬೇಕು ಅನ್ನುವವರಿಗೆ: ಮೊದಲು ರೂಲ್‌ಬುಕ್ ಓದಿ

"ಬೋರ್ಡ್ ಗೇಮ್ ಡಿಸೈನ್ ಕಲಿಯಬೇಕು, ಯಾವ ಪುಸ್ತಕ ಓದಲಿ, ಯಾವ ವಿಡಿಯೋ ನೋಡಲಿ?" ಅಂತ ಆಗಾಗ ಯಾರಾದರೂ ಇನ್‌ಬಾಕ್ಸ್‌ನಲ್ಲಿ ಕೇಳುತ್ತಿರುತ್ತಾರೆ. ಮೊದಲೆಲ್ಲ ಖುಷಿಯಿಂದ ಉದ್ದದ ಪಟ್ಟಿ ಕಳಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಪಟ್ಟಿ ಪಡೆದವರಲ್ಲಿ ಜಾಸ್ತಿ ಜನ ಓದುವುದರಲ್ಲೇ ಉಳಿದುಬಿಟ್ಟರು, ಒಂದು ಆಟವೂ ಮೇಜಿನ ಮೇಲೆ ಬರಲಿಲ್ಲ. ಅದಕ್ಕೇ ಈಗ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಮೊದಲು ರೂಲ್‌ಬುಕ್ ಓದಿ.

ಆಟದ ಡಬ್ಬದೊಳಗೆ ನಿಯಮಗಳ ಪುಸ್ತಕ ಬರುತ್ತದಲ್ಲ, ಅದೇ ರೂಲ್‌ಬುಕ್. ಎಷ್ಟೋ ಕಂಪನಿಗಳು ಅದರ ಪಿಡಿಎಫ್ ಅನ್ನು ತಮ್ಮ ಸೈಟ್‌ನಲ್ಲಿ ಪುಕ್ಕಟೆ ಹಾಕಿರುತ್ತವೆ. ಆಟ ಕೊಳ್ಳದೆಯೇ ಅದರ ಒಳಗು ನೋಡಬಹುದು. ಭಾಷೆಯೂ ಸರಳ, ಚಿಕ್ಕ ಚಿಕ್ಕ ವಾಕ್ಯ, ಪಕ್ಕದಲ್ಲಿ ಚಿತ್ರ. ಇಷ್ಟು ಒಳ್ಳೆಯ ಪಾಠ ಕಣ್ಣೆದುರೇ ಬಿದ್ದಿದ್ದರೂ ಯಾರೂ ಅದನ್ನು ಪಾಠ ಅಂತ ಹೇಳುವುದೇ ಇಲ್ಲ, ಅದು ನನಗೆ ನಿಜಕ್ಕೂ ಬೇಜಾರು.

ಒಂದು ಉದಾಹರಣೆ ಕೊಡುತ್ತೇನೆ. ಮ್ಯಾಟ್ ಲೀಕಾಕ್ ಅವರ 'ಪ್ಯಾಂಡೆಮಿಕ್' 2008ರಲ್ಲಿ ಬಂದ ಆಟ. ಎಲ್ಲರೂ ಒಂದೇ ತಂಡವಾಗಿ ರೋಗ ಹರಡದಂತೆ ತಡೆಯಬೇಕು. ಯಾವ ಊರಿಗೆ ಸೋಂಕು ಬಂತು ಅಂತ ತೋರಿಸಲು ಒಂದು ಕಟ್ಟು ಕಾರ್ಡು ಇದೆ. ರೋಗ ಜೋರಾಯಿತು ಅಂತ ಹೇಳುವ ಎಪಿಡೆಮಿಕ್ ಕಾರ್ಡು ಬಂದಾಗ, ಅಲ್ಲಿಯವರೆಗೆ ತೆಗೆದು ಪಕ್ಕಕ್ಕಿಟ್ಟ ಊರಿನ ಕಾರ್ಡುಗಳನ್ನೆಲ್ಲ ಕಲೆಸಿ ಮತ್ತೆ ಆ ಕಟ್ಟಿನ ಮೇಲೇ ಇಡಬೇಕು. ಮೇಲೆ ಅನ್ನುವುದನ್ನು ಗಮನಿಸಿ. ಇಡೀ ಕಟ್ಟಿನೊಳಗೆ ಬೆರೆಸಿಬಿಟ್ಟರೆ ಮುಂದೆ ಯಾವ ಊರು ಬರುತ್ತದೆ ಅಂತ ಯಾರಿಗೂ ಅಂದಾಜು ಸಿಗುವುದಿಲ್ಲ, ಸುಮ್ನೆ ಅದೃಷ್ಟ ನಂಬಿ ಕೂರಬೇಕು. ಮೇಲೆ ಇಟ್ಟರೆ, ಈಗಾಗಲೇ ರೋಗ ಬಂದ ಊರುಗಳೇ ಮತ್ತೆ ಬರುತ್ತವೆ. ಯಾವ ಯಾವ ಊರು ಅಂತ ಗೊತ್ತು, ಯಾವುದು ಮೊದಲು ಅಂತ ಗೊತ್ತಿಲ್ಲ. ಆಡುವಾಗ ಹೊಟ್ಟೆಯಲ್ಲಿ ತಳಮಳ ಹುಟ್ಟುವುದು ಅಲ್ಲೇ. ನಿಯಮ ನೋಡಿದರೆ ಬರೀ ಒಂದು ಸಾಲು!

ರೂಲ್‌ಬುಕ್ ಓದುವುದು ಅಂದರೆ ಹೀಗೆ. ಪ್ರತಿ ನಿಯಮದ ಹತ್ತಿರ ನಿಂತು "ಇದನ್ನು ತೆಗೆದರೆ ಏನಾಗುತ್ತದೆ?" ಅಂತ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ನಿಜವಾಗಿಯೂ ತೆಗೆದು ಆಡಿ ನೋಡಿ. ಅದಕ್ಕೆ ಎಲ್ಲಕ್ಕಿಂತ ಚೆಂದದ ಆಟ ಸೇಜಿ ಕನೈ ಅವರ 'ಲವ್ ಲೆಟರ್'. ಮೊದಲ ಆವೃತ್ತಿಯಲ್ಲಿ ಇದ್ದದ್ದು ಬರೀ 16 ಕಾರ್ಡು. 1 ಅಂತ ಬರೆದವು ಐದು, 2ರಿಂದ 5ರವರೆಗೆ ಎರಡೆರಡು, 6, 7, 8 ಒಂದೊಂದು. ನಿಯಮ ನೋಡಿಕೊಂಡು ಕಾಗದದ ಚೀಟಿಯಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. 1 ಹಾಕಿದವರು ಎದುರಿನವರ ಕೈಯಲ್ಲಿರುವ ಕಾರ್ಡು ಯಾವುದೆಂದು ಊಹಿಸಬೇಕು, ಸರಿಯಾದರೆ ಅವರು ಔಟ್. ನಾಲ್ಕೈದು ಸಲ ಆಡಿ. ಆಮೇಲೆ 1 ಅಂತ ಬರೆದ ಐದು ಚೀಟಿಗಳಲ್ಲಿ ಮೂರನ್ನು ತೆಗೆದು ಆಡಿ. ಊಹೆ ಮಾಡುವ ಅವಕಾಶ ಕಡಿಮೆಯಾದ ಕೂಡಲೇ ಆಟ ಬೇರೆಯೇ ಆಗುತ್ತದೆ. ಒಂದು ಅಂಕಿ ಬದಲಾದರೆ ಇಡೀ ಮೇಜಿನ ಮಾತುಕತೆ ಬದಲಾಗುತ್ತದೆ ಅಂತ ನಾನು ಕಲಿತದ್ದು ಹೀಗೆ ಚೀಟಿ ತೆಗೆದು ನೋಡಿಯೇ.

ಗಣಿತಕ್ಕೆ ಹೆದರುವವರು ತುಂಬಾ ಜನ. ಬೇಡ. 'ಕಟಾನ್' (ಕ್ಲೌಸ್ ಟ್ಯೂಬರ್, 1995) ಬೋರ್ಡಿನ ಅಂಕಿಗಳ ಕೆಳಗೆ ಸಣ್ಣ ಚುಕ್ಕಿಗಳಿವೆ, ನೋಡಿದ್ದೀರಾ? ಎರಡು ದಾಳ ಹಾಕಿದರೆ 36 ಸಾಧ್ಯತೆ. ಅದರಲ್ಲಿ 6 ಬರುವುದು ಐದು ಬಗೆಯಲ್ಲಿ, 8 ಕೂಡ ಐದು, 2 ಮತ್ತು 12 ಒಂದೊಂದೇ. ಚುಕ್ಕಿ ಇರುವುದೂ ಅಷ್ಟೇ. ಶುರುವಿಗೆ ಇಷ್ಟು ಗಣಿತ ಸಾಕು.

ಎರಡನೆಯದು, ಡಿಸೈನರ್ ಡೈರಿ. 'ಬೋರ್ಡ್‌ಗೇಮ್‌ಗೀಕ್' ಅಂತ 2000ದಿಂದ ಇರುವ ಸೈಟ್ ಇದೆಯಲ್ಲ, ಅಲ್ಲಿ ಆಟ ಮಾಡಿದವರೇ ತಮ್ಮ ಆಟ ಹೇಗೆ ಬೆಳೆಯಿತು ಅಂತ ಬರೆಯುತ್ತಾರೆ. ಏನು ಸೇರಿಸಿದರು ಅನ್ನುವುದಕ್ಕಿಂತ ಏನು ಕಿತ್ತು ಹಾಕಿದರು ಅನ್ನುವ ಭಾಗ ಹುಡುಕಿ ಓದಿ. ಮುಗಿದ ಆಟ ನೋಡಿದರೆ ಅದು ಗೊತ್ತೇ ಆಗುವುದಿಲ್ಲ.

ಕಿತ್ತು ಹಾಕುವುದು ಎಷ್ಟು ಕಷ್ಟ ಅಂತ ನನ್ನ ಮೊದಲ ಆಟದಲ್ಲೇ ಗೊತ್ತಾಯಿತು. ನಾಲ್ಕು ತಿಂಗಳು ಕಾರ್ಡುಗಳಿಗೆ ಚಿತ್ರ ಬರೆದೆ, ಬಣ್ಣ ಹಾಕಿದೆ. ಆಮೇಲೆ ಸ್ನೇಹಿತರನ್ನು ಕೂರಿಸಿ ಆಡಿಸಿದರೆ ಮೂರನೇ ಸುತ್ತಿಗೇ ಗೆಲ್ಲುವವರು ಯಾರು ಅಂತ ಎಲ್ಲರಿಗೂ ಗೊತ್ತಾಗಿತ್ತು, ಆಟ ಮುಗಿಯಲು ಇನ್ನೂ ಒಂದು ಗಂಟೆ ಬೇಕಿತ್ತು. ತಪ್ಪು ಎಲ್ಲಿ ಅಂತ ಅವತ್ತೇ ಕಂಡಿತ್ತು. ಆದರೆ ಕಷ್ಟಪಟ್ಟು ಚಿತ್ರ ಬರೆದ ಕಾರ್ಡನ್ನು ಎಸೆಯಲು ಮನಸ್ಸು ಬರಲಿಲ್ಲ, ಆ ಒಂದು ಕಾರಣಕ್ಕೆ ಆಟವೇ ನಿಂತುಹೋಯಿತು. ಪೆನ್ಸಿಲ್‌ನಲ್ಲಿ ಬರೆದ ಚೀಟಿಯಾಗಿದ್ದರೆ ಅವತ್ತು ರಾತ್ರಿಯೇ ಹರಿದು ಹಾಕುತ್ತಿದ್ದೆ.

ಚೀಟಿಯ ಹಂತ ದಾಟಿದ ಮೇಲೆ ಕಾರ್ಡು ಮಾಡಲು 'ನ್ಯಾನ್‌ಡೆಕ್' ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ನೋಡಿ. ಕಾರ್ಡಿನ ವಿವರವೆಲ್ಲ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಇರುತ್ತದೆ, ಅಲ್ಲಿ ಅಂಕಿ ತಿದ್ದಿದರೆ ಮುಂದಿನ ಸಲ ಮಾಡುವ ಕಾರ್ಡಿನಲ್ಲೂ ಬದಲಾಗುತ್ತದೆ. ಕಲಿಯಲು ಒಂದೆರಡು ದಿನ ತಲೆ ಕೆಡುತ್ತದೆ, ಆದರೂ ಬಿಡಬೇಡಿ. ಚಿಹ್ನೆಗಳಿಗೆ 'ಗೇಮ್-ಐಕಾನ್ಸ್' ಸೈಟ್ ಇದೆ, ಬರೆದವರ ಹೆಸರು ಹಾಕಿ ಪುಕ್ಕಟೆ ಬಳಸಬಹುದು. ಜೊತೆಗೆ ಕೂರಲು ಜನ ಸಿಗದಿದ್ದರೆ 'ಟೇಬಲ್‌ಟಾಪ್ ಸಿಮ್ಯುಲೇಟರ್' ಅನ್ನುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಹಾಕಿ ದೂರದವರ ಜೊತೆ ಆಡಬಹುದು.

ಪುಸ್ತಕ ಬೇಡ ಅನ್ನುತ್ತಿಲ್ಲ. ಜೆಫ್ ಎಂಗೆಲ್‌ಸ್ಟೀನ್ ಮತ್ತು ಐಸಾಕ್ ಶಲೇವ್ ಅವರ 'ಬಿಲ್ಡಿಂಗ್ ಬ್ಲಾಕ್ಸ್ ಆಫ್ ಟೇಬಲ್‌ಟಾಪ್ ಗೇಮ್ ಡಿಸೈನ್' (2019) ನನ್ನ ಮೇಜಿನ ಮೇಲೇ ಇರುತ್ತದೆ. ಹರಾಜು, ಸರದಿ, ಕಾರ್ಡು ಆರಿಸುವುದು, ಹೀಗೆ ಆಟಗಳ ಒಂದೊಂದು ತಂತ್ರವನ್ನೂ ಬಿಡಿಸಿ ಹೇಳುತ್ತದೆ. ಅದನ್ನು ನಿಘಂಟಿನ ಹಾಗೆ ಬಳಸಬೇಕು. ನಿಮ್ಮ ಆಟದಲ್ಲಿ ಸರದಿ ಕಾಯುವುದೇ ಜಾಸ್ತಿಯಾಗಿದ್ದರೆ ಸರದಿಯ ಭಾಗ ತೆಗೆದು ಓದಿ, ಆಗ ಒಂದೊಂದು ಸಾಲೂ ತಲೆಗೆ ಹೋಗುತ್ತದೆ. ಕೇಳುವ ಅಭ್ಯಾಸವಿದ್ದರೆ 'ಲುಡಾಲಜಿ' ಪಾಡ್‌ಕಾಸ್ಟ್ ಇದೆ, 2011ರಲ್ಲಿ ಶುರುವಾದದ್ದು. ಹಳೆಯ ಕಂತುಗಳೂ ಹಳತಾಗಿಲ್ಲ.

ಕೊನೆಗೆ ಮತ್ತೆ ರೂಲ್‌ಬುಕ್ಕಿಗೇ ಬರುತ್ತೇನೆ, ಈ ಸಲ ನಿಮ್ಮದೇ ಆಟದ್ದು. ಆಟ ಒಂದು ಮಟ್ಟಕ್ಕೆ ಬಂದ ಮೇಲೆ ನಿಯಮ ಬರೆದು, ನಿಮ್ಮ ಆಟ ನೋಡೇ ಇಲ್ಲದವರ ಕೈಗೆ ಕೊಡಿ. ಬ್ಲೈಂಡ್ ಟೆಸ್ಟ್ ಅನ್ನುತ್ತಾರಲ್ಲ, ಅದೇ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಬೇಕು. ಅವರು ತಪ್ಪು ಆಡುತ್ತಾರೆ, ನಿಮಗೆ ಹೇಳಿಬಿಡೋಣ ಅನಿಸುತ್ತದೆ, ಹೇಳಬೇಡಿ, ತುಂಬಾ ಕಷ್ಟ ಅಂತ ಗೊತ್ತು. ಡಬ್ಬದ ಜೊತೆ ನೀವು ಎಲ್ಲರ ಮನೆಗೂ ಹೋಗಲು ಆಗುವುದಿಲ್ಲ ಅಲ್ವಾ? ಅವರು ಎರಡನೇ ಸಲ ಓದಿದ ಸಾಲು ಯಾವುದು ಅಂತ ಮಾತ್ರ ಗುರುತು ಹಾಕಿಕೊಳ್ಳಿ.

ಹಾಗೆ ಬರೆದ ರೂಲ್‌ಬುಕ್ ನಿಮ್ಮ ಹತ್ತಿರ ಇದ್ದರೆ ಇನ್‌ಬಾಕ್ಸ್‌ಗೆ ಕಳಿಸಿ. ಎರಡೇ ಪುಟ ಇದ್ದರೂ ಪರವಾಗಿಲ್ಲ, ಕೂತು ಓದಿ ಎಲ್ಲಿ ಅರ್ಥವಾಗಲಿಲ್ಲ ಅಂತ ಬರೆದು ಕಳಿಸುತ್ತೇನೆ.